ಗುಳೆಯಿಂದ ಜಾಗತಿಕ ವಲಸೆಯವರೆಗೆ: ಹಾಜರಿ ಪುಸ್ತಕ ಕಲಿಸಿದ ಒಂದು ಪಾಠ

ಪೀಠಿಕೆ

ಬೋಧನಾಭ್ಯಾಸಕ್ಕಾಗಿ ನನಗೆ ಅಫಜಲಪುರ ರಸ್ತೆಯ ಒಂದು ಸರಕಾರಿ ಪ್ರೌಢಶಾಲೆಯ ಎಂಟನೆಯ ತರಗತಿ ಸಿಕ್ಕಿತ್ತು. ವಿಷಯ ಗಣಿತ, ಘಟಕ ಶೇಕಡಾ ಮತ್ತು ದತ್ತಾಂಶ ನಿರ್ವಹಣೆ. ಎರಡನೆಯ ಅವಧಿ ಆಗಷ್ಟೇ ಶುರುವಾಗಿತ್ತು. ಮೊದಲ ದಿನ ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬರಲಿಲ್ಲ. ಮತ್ತೊಮ್ಮೆ ಕರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಪುಣೆಕ್ಕ ಹೋಗ್ಯಾಳ್ರಿ ಸರ, ಅವರ ಅಪ್ಪ-ಅವ್ವನ ಕೂಡ" ಎಂದಳು. ಇನ್ನೊಂದು ಹೆಸರಿಗೆ "ಬಾಂಬೇರಿ" ಎಂಬ ಉತ್ತರ ಬಂತು. ಪುಸ್ತಕದಲ್ಲಿದ್ದ 38 ಹೆಸರುಗಳಲ್ಲಿ ಆ ದಿನ 31 ಮಕ್ಕಳು ಎದುರಿಗಿದ್ದರು.

ಶೇಕಡಾ ಪಾಠಕ್ಕೆ ನಾನು ಸಿದ್ಧ ಮಾಡಿಕೊಂಡಿದ್ದ ಉದಾಹರಣೆಗಳು ಲಾಭ, ನಷ್ಟ, ರಿಯಾಯಿತಿ ಮತ್ತು ಬ್ಯಾಂಕಿನ ಬಡ್ಡಿಗೆ ಸಂಬಂಧಿಸಿದ್ದವು. ಆ ದಿನ ಹಾಜರಿಯ ಶೇಕಡಾವಾರನ್ನೇ ಮೊದಲ ಲೆಕ್ಕವಾಗಿ ಕೊಟ್ಟೆ. 31ನ್ನು 38ರಿಂದ ಭಾಗಿಸಿದರೆ ಸುಮಾರು 82 ಶೇಕಡಾ. ಲೆಕ್ಕ ಸರಿಯಾಗಿ ಬಂತು. ಉಳಿದ 18 ಶೇಕಡಾ ಎಲ್ಲಿ, ಯಾಕೆ ಎಂಬ ಪ್ರಶ್ನೆ ಮಾತ್ರ ಕಪ್ಪುಹಲಗೆಯ ಮೇಲೆ ಉಳಿಯಿತು. ಮಾರ್ಗದರ್ಶಕ ಶಿಕ್ಷಕಿಯವರ ಸಲಹೆಯಂತೆ ಆ ಪ್ರಶ್ನೆಯನ್ನೇ ಮುಂದಿನ ಐದು ಪೀರಿಯಡ್‌ಗಳ ವಸ್ತುವಾಗಿ ತೆಗೆದುಕೊಂಡೆ. ವಲಸೆ ಎಂದರೇನು, ಜಗತ್ತಿನಲ್ಲಿ ಅದರ ಗತಿ ಹೇಗಿದೆ, ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಗುಳೆಗೂ ಅದಕ್ಕೂ ಏನು ಸಂಬಂಧ, ಮತ್ತು ಇದನ್ನು ಕಲಿಸುವಾಗ ನಾನು ಎಲ್ಲಿ ತಪ್ಪಿದೆ ಎಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ವಿವರಿಸಲು ಪ್ರಯತ್ನಿಸಿದ್ದೇನೆ. ಗಣಿತ ಮತ್ತು ಸಮಾಜ ವಿಜ್ಞಾನ ಎರಡೂ ವಿಷಯಗಳ ಪ್ರಶಿಕ್ಷಣಾರ್ಥಿಗಳಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಪದಗಳ ಅರ್ಥ

ವಲಸೆ ಎಂದರೆ ವಾಸದ ಸ್ಥಳವನ್ನು ಬದಲಿಸುವುದು. ಸಂತೆಗೆ, ಜಾತ್ರೆಗೆ, ಆಸ್ಪತ್ರೆಗೆ ಹೋಗಿ ಬರುವುದು ವಲಸೆಯಲ್ಲ. ಅಂತರರಾಷ್ಟ್ರೀಯ ವಲಸೆಗೆ ವಿಶ್ವಸಂಸ್ಥೆ 1998ರಲ್ಲಿ ಮಾಡಿದ ಶಿಫಾರಸಿನ ಪ್ರಕಾರ, ತನ್ನ ದೇಶ ಬಿಟ್ಟು ಇನ್ನೊಂದು ದೇಶದಲ್ಲಿ ಕನಿಷ್ಠ 12 ತಿಂಗಳು ವಾಸಿಸುವವರು ದೀರ್ಘಾವಧಿ ವಲಸಿಗರು. 3ರಿಂದ 12 ತಿಂಗಳೊಳಗೆ ಇರುವವರು ಅಲ್ಪಾವಧಿ ವಲಸಿಗರು. ದೇಶದೊಳಗೇ ಊರು ಬದಲಿಸಿದರೆ ಅದು ಆಂತರಿಕ ವಲಸೆ.

ನಮ್ಮ ಭಾಗದ ಜನರ ಬಾಯಲ್ಲಿರುವ ಪದ ಗುಳೆ. ಮಳೆ ಕೈಕೊಟ್ಟಾಗ ಅಥವಾ ಹೊಲದ ಕೆಲಸ ಮುಗಿದಾಗ, ಮನೆಗೆ ಕೀಲಿ ಹಾಕಿ ಅಥವಾ ಮುದುಕರನ್ನು ಮನೆಯಲ್ಲಿ ಬಿಟ್ಟು, ಕೆಲವು ತಿಂಗಳು ದುಡಿಯಲು ಹೋಗಿ ಮತ್ತೆ ಊರಿಗೆ ಬರುವುದೇ ಗುಳೆ. ಇದರಲ್ಲಿ ಹೋಗುವುದು ಎಷ್ಟು ಮುಖ್ಯವೋ ಮರಳುವುದೂ ಅಷ್ಟೇ ಮುಖ್ಯ. ಹಾಗಾಗಿ ಪಠ್ಯಪುಸ್ತಕದ ವಲಸೆ ಎಂಬ ಪದದೊಳಗೆ ಗುಳೆ ಪೂರ್ತಿಯಾಗಿ ಕೂಡುವುದಿಲ್ಲ.

ಅಂಕಿಅಂಶ ಓದುವ ಮೊದಲು ಇನ್ನೊಂದು ವ್ಯತ್ಯಾಸ ತಿಳಿದಿರಬೇಕು. ಇದನ್ನು ನೀರಿನ ಟ್ಯಾಂಕಿನ ಚಿತ್ರ ಬರೆದು ವಿವರಿಸಿದೆ. ಮೇಲಿನ ನಳದಿಂದ ನೀರು ಬೀಳುತ್ತದೆ, ಕೆಳಗಿನ ನಳದಿಂದ ಹೋಗುತ್ತದೆ. ಈ ಗಳಿಗೆಯಲ್ಲಿ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂಬುದು ಸಂಗ್ರಹ. ಒಂದು ತಾಸಿನಲ್ಲಿ ಎಷ್ಟು ಬಂತು, ಎಷ್ಟು ಹೋಯಿತು ಎಂಬುದು ಹರಿವು. ಪತ್ರಿಕೆಯಲ್ಲಿ "ಜಗತ್ತಿನಲ್ಲಿ ಇಷ್ಟು ಕೋಟಿ ವಲಸಿಗರಿದ್ದಾರೆ" ಎಂದು ಓದುವುದು ಸಂಗ್ರಹದ ಲೆಕ್ಕ. ಬಹಳ ದೇಶಗಳಲ್ಲಿ ಇದನ್ನು ಹುಟ್ಟಿದ ದೇಶದ ಆಧಾರದ ಮೇಲೆ ಎಣಿಸುತ್ತಾರೆ. ನಲವತ್ತು ವರ್ಷದ ಹಿಂದೆ ಹೋದವರೂ ನಿನ್ನೆ ಹೋದವರೂ ಅದರಲ್ಲಿ ಒಟ್ಟಿಗೇ ಸೇರುತ್ತಾರೆ. ಗುಳೆ ಎಂಬುದು ಒಳಬಂದು ಹೊರಹೋಗುವ ಹರಿವು. ಟ್ಯಾಂಕಿನ ಮಟ್ಟವನ್ನಷ್ಟೇ ನೋಡುವವನ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಜಗತ್ತಿನ ಗತಿ: ಸಂಖ್ಯೆ ಒಂದು ಹೇಳುತ್ತದೆ, ಪಾಲು ಇನ್ನೊಂದು

ಪಾಠದ ಆರಂಭದಲ್ಲಿ ಮಕ್ಕಳಿಗೆ ಒಂದು ಅಂದಾಜು ಕೇಳಿದೆ. ಜಗತ್ತಿನ ನೂರು ಜನರಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿರುವವರು ಎಷ್ಟು? ಇಪ್ಪತ್ತು, ಮೂವತ್ತು, ಐವತ್ತು ಎಂಬ ಉತ್ತರಗಳು ಬಂದವು. ಹತ್ತಕ್ಕಿಂತ ಕಡಿಮೆ ಯಾರೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಪಾಠಕ್ಕೆ ಸಿದ್ಧನಾಗುವ ಮೊದಲು ನನ್ನ ಅಂದಾಜೂ ಹದಿನೈದರ ಹತ್ತಿರ ಇತ್ತು. ನಂತರ ವಿಶ್ವಸಂಸ್ಥೆಯ ಅಂದಾಜುಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ.

1990: ಅಂತರರಾಷ್ಟ್ರೀಯ ವಲಸಿಗರು ಸುಮಾರು 15.4 ಕೋಟಿ, ಜಗತ್ತಿನ ಜನಸಂಖ್ಯೆ ಸುಮಾರು 532 ಕೋಟಿ, ಪಾಲು 2.9 ಶೇಕಡಾ.
2024: ಅಂತರರಾಷ್ಟ್ರೀಯ ವಲಸಿಗರು ಸುಮಾರು 30.4 ಕೋಟಿ, ಜಗತ್ತಿನ ಜನಸಂಖ್ಯೆ ಸುಮಾರು 816 ಕೋಟಿ, ಪಾಲು 3.7 ಶೇಕಡಾ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೂಲ ವರದಿಗಳಲ್ಲಿ ಸಂಖ್ಯೆಗಳು ಮಿಲಿಯನ್‌ನಲ್ಲಿ ಇರುತ್ತವೆ. 10 ಲಕ್ಷಕ್ಕೆ ಒಂದು ಮಿಲಿಯನ್, ಆದ್ದರಿಂದ 10 ಮಿಲಿಯನ್‌ಗೆ ಒಂದು ಕೋಟಿ. 304 ಮಿಲಿಯನ್ ಎಂದರೆ 30.4 ಕೋಟಿ. ಈ ಪರಿವರ್ತನೆಯಲ್ಲಿ ಒಂದು ಸೊನ್ನೆ ತಪ್ಪಿದರೂ ಪಾಠವೇ ತಪ್ಪುತ್ತದೆ. ಹಾಗಾಗಿ ಅದನ್ನೇ ಒಂದು ಅಭ್ಯಾಸವಾಗಿ ಕೊಡುವುದು ಒಳ್ಳೆಯದು.

ಈಗ ಮೂರು ಪ್ರಶ್ನೆಗಳು. ವಲಸಿಗರ ಸಂಖ್ಯೆ ಎಷ್ಟು ಶೇಕಡಾ ಹೆಚ್ಚಿತು? 15.4ರಿಂದ 30.4ಕ್ಕೆ ಏರಿದೆ, ಅಂದರೆ ಸುಮಾರು 97 ಶೇಕಡಾ, ಹೆಚ್ಚುಕಡಿಮೆ ಎರಡು ಪಟ್ಟು. ಜಗತ್ತಿನ ಜನಸಂಖ್ಯೆ ಎಷ್ಟು ಹೆಚ್ಚಿತು? ಸುಮಾರು 53 ಶೇಕಡಾ. ಪಾಲು ಎಷ್ಟು ಹೆಚ್ಚಿತು? 2.9ರಿಂದ 3.7ಕ್ಕೆ, ಅಂದರೆ 0.8 ಶೇಕಡಾ ಅಂಶ. "ಶೇಕಡಾ ಹೆಚ್ಚಳ" ಮತ್ತು "ಶೇಕಡಾ ಅಂಶದ ಹೆಚ್ಚಳ" ಬೇರೆ ಬೇರೆ ಎಂಬುದು ಎಂಟನೆಯ ತರಗತಿಯಲ್ಲಿ ಮಾತ್ರವಲ್ಲ, ನಮ್ಮ ಕಾಲೇಜಿನ ಚರ್ಚೆಗಳಲ್ಲೂ ಗೊಂದಲ ಹುಟ್ಟಿಸುವ ವಿಷಯ. "ವಲಸೆ ಎರಡು ಪಟ್ಟಾಗಿದೆ" ಎಂಬ ಶೀರ್ಷಿಕೆಯೂ ನಿಜ, "ನೂರಕ್ಕೆ 96 ಜನ ಹುಟ್ಟಿದ ದೇಶದಲ್ಲೇ ಇದ್ದಾರೆ" ಎಂಬ ಮಾತೂ ನಿಜ. ಮೊದಲನೆಯದನ್ನು ಓದಿದವನಿಗೆ ಭಯವಾಗುತ್ತದೆ, ಎರಡನೆಯದನ್ನು ಓದಿದವನಿಗೆ ಸಮಾಧಾನವಾಗುತ್ತದೆ. ಎರಡನ್ನೂ ಒಟ್ಟಿಗೆ ಓದಲು ಕಲಿಸುವುದು ಗಣಿತ ಶಿಕ್ಷಕರ ಕೆಲಸ.

3.7 ಶೇಕಡಾ ಎಂಬುದು ಮಕ್ಕಳಿಗೆ ಹಿಡಿತಕ್ಕೆ ಸಿಗುವುದಿಲ್ಲ. ಅದನ್ನು "ಸುಮಾರು 27 ಜನರಲ್ಲಿ ಒಬ್ಬರು" ಎಂದು ಬದಲಿಸಿದಾಗ ತರಗತಿಯತ್ತ ನೋಡಿ, "ಹಂಗಾದ್ರ ನಮ್ಮೊಳಗ ಒಬ್ಬರೇ ಏನ್ರಿ?" ಎಂದು ಒಬ್ಬ ಹುಡುಗ ಕೇಳಿದ. ಆ ಪ್ರಶ್ನೆ ಬಂದಾಗ ಸಂಖ್ಯೆ ಅರ್ಥವಾಗಿದೆ ಎಂದು ತಿಳಿಯಿತು.

ಜಾಗತಿಕ ಗತಿಯ ಉಳಿದ ಮುಖ್ಯ ಅಂಶಗಳು ಹೀಗಿವೆ. ಅತಿ ಹೆಚ್ಚು ವಲಸಿಗರು ವಾಸಿಸುವ ದೇಶ ಅಮೆರಿಕ. ಅಲ್ಲಿ 5 ಕೋಟಿಗೂ ಹೆಚ್ಚು ಜನ ಹೊರದೇಶಗಳಲ್ಲಿ ಹುಟ್ಟಿದವರು. ಅತಿ ಹೆಚ್ಚು ಜನ ಹೊರಗೆ ಹೋಗಿರುವ ದೇಶ ನಮ್ಮದೇ. ಭಾರತದಲ್ಲಿ ಹುಟ್ಟಿ ಹೊರದೇಶಗಳಲ್ಲಿ ಇರುವವರು ಸುಮಾರು 1.8 ಕೋಟಿ. ಅವರಲ್ಲಿ ದೊಡ್ಡ ಪಾಲು ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾ ಮತ್ತು ಅಮೆರಿಕದಲ್ಲಿದೆ. ಜಗತ್ತಿನ ವಲಸಿಗರಲ್ಲಿ ಮಹಿಳೆಯರು ಹೆಚ್ಚುಕಡಿಮೆ ಅರ್ಧದಷ್ಟಿದ್ದಾರೆ. ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣದಲ್ಲೂ ಭಾರತವೇ ಮೊದಲು. 2022ರಿಂದ ಅದು ವರ್ಷಕ್ಕೆ 10,000 ಕೋಟಿ ಡಾಲರ್ ದಾಟಿದೆ. ಇವರೆಲ್ಲ ಬಹುಪಾಲು ತಾವೇ ನಿರ್ಧರಿಸಿ ಹೋದವರು. ಯುದ್ಧ, ಹಿಂಸೆ, ಕಿರುಕುಳಗಳಿಂದ ಮನೆ ಬಿಟ್ಟವರ ಲೆಕ್ಕ ಬೇರೆ. 2024ರ ಕೊನೆಗೆ ಅಂಥವರು ಸುಮಾರು 12.3 ಕೋಟಿ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹೇಳಿದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದೇಶದ ಗಡಿ ದಾಟಿಲ್ಲ. ತಮ್ಮ ದೇಶದೊಳಗೇ ನೆಲೆ ಕಳೆದುಕೊಂಡಿದ್ದಾರೆ.

ಭಾರತದೊಳಗೆ: ಅವ್ವನೂ ವಲಸಿಗಳೇ

2021ರಲ್ಲಿ ಜನಗಣತಿ ನಡೆಯದ ಕಾರಣ ದೇಶದೊಳಗಿನ ವಲಸೆಗೆ ನಾವು ಇನ್ನೂ 2011ರ ಜನಗಣತಿಯನ್ನೇ ನೋಡಬೇಕು. ಅದರಂತೆ 121 ಕೋಟಿ ಜನರಲ್ಲಿ ಸುಮಾರು 45 ಕೋಟಿ ಜನ ವಲಸಿಗರು, ಅಂದರೆ 37 ಶೇಕಡಾ. ಇಡೀ ಜಗತ್ತಿನ ಅಂತರರಾಷ್ಟ್ರೀಯ ವಲಸಿಗರಿಗಿಂತ ಭಾರತದೊಳಗೆ ಊರು ಬದಲಿಸಿದವರೇ ಹೆಚ್ಚು. ಇದನ್ನು ಕೇಳಿ ಮಕ್ಕಳು ಸುಮ್ಮನಾದರು. ನಂತರ ಈ 45 ಕೋಟಿಯಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಅತಿ ದೊಡ್ಡ ಕಾರಣ ಮದುವೆ ಎಂದು ಹೇಳಿದಾಗ ತರಗತಿಯಲ್ಲಿ ಗದ್ದಲವೆದ್ದಿತು. "ನಮ್ಮವ್ವ ಅಕ್ಕಲಕೋಟದಾಕಿರಿ", "ನಮ್ಮವ್ವ ಸಿಂದಗಿ ಕಡೆಯಾಕಿರಿ" ಎಂದು ಒಬ್ಬೊಬ್ಬರಾಗಿ ಹೇಳತೊಡಗಿದರು. ಅಕ್ಕಲಕೋಟ ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿದೆ. ಅಲ್ಲಿಂದ ಅಫಜಲಪುರಕ್ಕೆ ಸೊಸೆಯಾಗಿ ಬಂದವಳು ಜನಗಣತಿಯ ಪುಸ್ತಕದಲ್ಲಿ ಅಂತರರಾಜ್ಯ ವಲಸಿಗಳು. ಪ್ರತಿ ಮನೆಯಲ್ಲೂ ಒಬ್ಬ ವಲಸಿಗಳಿದ್ದಾಳೆ ಎಂದು ತಿಳಿದದ್ದು ಮುಂದಿನ ಚರ್ಚೆಗೆ ಬಹಳ ಸಹಾಯವಾಯಿತು.

ಆದರೆ ಇದೇ ಜನಗಣತಿಯಲ್ಲಿ ಗುಳೆ ಸರಿಯಾಗಿ ಸಿಗುವುದಿಲ್ಲ. ಜನಗಣತಿ ಕೇಳುವುದು ಹುಟ್ಟಿದ ಸ್ಥಳ ಮತ್ತು ಹಿಂದಿನ ವಾಸಸ್ಥಳವನ್ನು. ನಾಲ್ಕು ತಿಂಗಳು ಹೋಗಿ ಮರಳಿದವನ ವಾಸಸ್ಥಳ ಊರೇ ಆಗಿರುತ್ತದೆ. ಇದಕ್ಕಾಗಿ 2007-08ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ, ಕೆಲಸಕ್ಕಾಗಿ ಒಂದು ತಿಂಗಳಿಗಿಂತ ಹೆಚ್ಚು, ಆರು ತಿಂಗಳಿಗಿಂತ ಕಡಿಮೆ ಕಾಲ ಊರು ಬಿಟ್ಟವರನ್ನು ಬೇರೆಯಾಗಿ ಎಣಿಸಿದರು. ಯಾವ ಪ್ರಶ್ನೆ ಕೇಳುತ್ತೇವೋ ಅದಕ್ಕೆ ತಕ್ಕ ಉತ್ತರ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನಮ್ಮ ಮೂರು ತಾಲ್ಲೂಕುಗಳು

ಆಳಂದ ಮತ್ತು ಅಫಜಲಪುರ ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿವೆ. ಅಫಜಲಪುರ ಮತ್ತು ಜೇವರ್ಗಿಯ ಮೂಲಕ ಭೀಮಾ ನದಿ ಹರಿಯುತ್ತದೆ. ಕಪ್ಪುಮಣ್ಣಿನ ನೆಲ, ಮಳೆಯಾಶ್ರಿತ ಬೇಸಾಯ, ಮುಖ್ಯ ಬೆಳೆ ತೊಗರಿ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ನೀರಾವರಿ ಇಲ್ಲವೆಂದಲ್ಲ. ಆಳಂದಕ್ಕೆ ಅಮರ್ಜಾ ಜಲಾಶಯ, ಅಫಜಲಪುರಕ್ಕೆ ಸೊನ್ನ ಬ್ಯಾರೇಜು, ಜೇವರ್ಗಿಯ ಒಂದು ಭಾಗಕ್ಕೆ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆ ಇವೆ. ಆದರೆ ಕಾಲುವೆ ಮುಟ್ಟದ ಊರುಗಳೇ ಹೆಚ್ಚು.

ಗುಳೆಯನ್ನು ಅರ್ಥ ಮಾಡಿಕೊಳ್ಳಲು ಮಕ್ಕಳಿಂದಲೇ ಒಂದು ವರ್ಷದ ಕೆಲಸದ ಪಟ್ಟಿ ಮಾಡಿಸಿದೆ. ಮುಂಗಾರಿನಲ್ಲಿ ತೊಗರಿ ಬಿತ್ತನೆ, ನಂತರ ಕಳೆ ತೆಗೆಯುವುದು, ಹಿಂಗಾರಿಗೆ ಬಿಳಿಜೋಳ ಮತ್ತು ಕಡಲೆ, ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿ, ಫೆಬ್ರವರಿ-ಮಾರ್ಚ್‌ನಲ್ಲಿ ಜೋಳದ ಸುಗ್ಗಿ. ಅದರ ನಂತರ ಮತ್ತೆ ಮಳೆ ಬರುವವರೆಗೆ ಮಳೆಯಾಶ್ರಿತ ಹೊಲದಲ್ಲಿ ಕೂಲಿ ಕೆಲಸ ಬಹುತೇಕ ಇಲ್ಲ. ಹೊಲವೇ ಇಲ್ಲದವರಿಗೆ ಈ ಖಾಲಿ ಕಾಲ ಇನ್ನೂ ಬೇಗ ಶುರುವಾಗುತ್ತದೆ. ಈ ಪಟ್ಟಿಯ ಪಕ್ಕದಲ್ಲಿ ಶಾಲೆಯ ಪಟ್ಟಿ ಬರೆದೆ: ಜೂನ್‌ನಿಂದ ದಸರಾ ರಜೆಯವರೆಗೆ ಮೊದಲ ಅವಧಿ, ನಂತರ ಏಪ್ರಿಲ್‌ವರೆಗೆ ಎರಡನೆಯ ಅವಧಿ. ಎರಡೂ ಪಟ್ಟಿಗಳನ್ನು ಜೋಡಿಸಿದಾಗ ಎರಡನೆಯ ಅವಧಿಯಲ್ಲಿ ಬೆಂಚುಗಳು ಯಾಕೆ ಖಾಲಿಯಾಗುತ್ತವೆ ಎಂಬುದು ತಾನಾಗಿ ಕಂಡಿತು. "ಎಳ್ಳಮಾಸಿ ಆದಮ್ಯಾಲ ನಾವೂ ಹೋಗ್ತೇವ್ರಿ" ಎಂದಳು ಮುಂದಿನ ಸಾಲಿನ ಒಬ್ಬ ಹುಡುಗಿ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಂಡು, ಹಬ್ಬ ಮುಗಿಸಿಯೇ ಊರು ಬಿಡುವ ಮನೆಗಳು ನಮ್ಮಲ್ಲಿ ಬಹಳ.

ಹೋಗುವುದು ಎಲ್ಲಿಗೆ? ಪುಣೆ, ಮುಂಬೈ, ಸೋಲಾಪುರ, ಹೈದರಾಬಾದ್, ಬೆಂಗಳೂರು, ಗೋವಾ. ಕೆಲಸ ಹೆಚ್ಚಾಗಿ ಕಟ್ಟಡದ್ದು, ರಸ್ತೆಯದ್ದು, ಕಬ್ಬು ಕಡಿಯುವುದು. ಮುಂಬೈ-ಚೆನ್ನೈ ರೈಲು ಮಾರ್ಗ ನಮ್ಮ ಜಿಲ್ಲೆಯ ಮೂಲಕವೇ ಹೋಗುವುದರಿಂದ ದಾರಿ ಹಳೆಯದು. 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಈ ಸೀಮೆಗೆ ಹೈದರಾಬಾದ್ ಹೊಸ ಊರಲ್ಲ, ಗಿರಣಿಗಳ ಸೋಲಾಪುರವೂ ಹೊಸದಲ್ಲ. 1972ರ ಬರದ ಮಾತು ತೆಗೆದರೆ ಇಂದಿಗೂ ಊರಿನ ಮುತ್ಯಾಗಳು ಯಾರು ಯಾವ ದಾರಿ ಹಿಡಿದರೆಂದು ಹೇಳುತ್ತಾರೆ. ತಾಂಡಾಗಳಿಂದ ಇಡೀ ಕುಟುಂಬಗಳು ಒಟ್ಟಿಗೆ ಹೋಗುವುದುಂಟು. ಮೇಸ್ತ್ರಿ ಅಥವಾ ಮುಕಾದಮ ಮುಂಗಡ ಹಣ ಕೊಟ್ಟಿರುತ್ತಾನೆ. ಅದು ತೀರುವವರೆಗೆ ಮರಳುವ ದಿನ ಕುಟುಂಬದ ಕೈಯಲ್ಲಿ ಇರುವುದಿಲ್ಲ. ಹಬ್ಬದ ಖರ್ಚು, ಮದುವೆ, ಆಸ್ಪತ್ರೆ ಇವುಗಳಿಗೆ ಪಡೆದ ಮುಂಗಡವೇ ಮಗುವಿನ ಶಾಲೆಯ ಕ್ಯಾಲೆಂಡರನ್ನು ನಿರ್ಧರಿಸುತ್ತದೆ.

ವಲಸೆ ಒಂದೇ ದಿಕ್ಕಿನದ್ದಲ್ಲ. ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಹೊರಗಿನಿಂದ ಕಡಿಯುವ ತಂಡಗಳು ಬಂದು ಗುಡಿಸಲು ಹಾಕುತ್ತವೆ. ನಮ್ಮ ಮಕ್ಕಳು ಪುಣೆಯ ಕಟ್ಟಡದ ಪಕ್ಕ ಶಾಲೆಯಿಲ್ಲದೆ ಕುಳಿತಿರುವಾಗ, ಇನ್ಯಾರದೋ ಮಕ್ಕಳು ನಮ್ಮ ಕಬ್ಬಿನ ಗದ್ದೆಯ ಬದುವಿನಲ್ಲಿ ಹಾಗೆಯೇ ಕುಳಿತಿರುತ್ತಾರೆ. ಇದನ್ನು ನಾನು ಹೇಳಿಕೊಟ್ಟಿದ್ದಲ್ಲ. ನಕ್ಷೆಯಲ್ಲಿ ಬಾಣ ಎಳೆಯುವಾಗ ಒಬ್ಬ ವಿದ್ಯಾರ್ಥಿಯೇ ಎದುರುಬಾಣ ಎಳೆದು ತೋರಿಸಿದ.

ಹಳೆಯ ನಿಯಮ, ನಮ್ಮ ಊರಿನ ಪರೀಕ್ಷೆ

1885ರಲ್ಲಿ ಇ.ಜಿ. ರಾವೆನ್‌ಸ್ಟೈನ್ ಎಂಬ ಭೂಗೋಳಶಾಸ್ತ್ರಜ್ಞ ಬ್ರಿಟನ್ನಿನ ಜನಗಣತಿಯನ್ನು ನೋಡಿ ವಲಸೆಯ ಕೆಲವು ನಿಯಮಗಳನ್ನು ಬರೆದ. ಹೆಚ್ಚಿನವರು ಹತ್ತಿರದ ಊರುಗಳಿಗೇ ಹೋಗುತ್ತಾರೆ. ದೂರದ ಪಯಣ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಪ್ರತಿಯೊಂದು ಪ್ರವಾಹಕ್ಕೂ ಒಂದು ಎದುರು ಪ್ರವಾಹ ಇರುತ್ತದೆ. ಸಮೀಪದ ವಲಸೆಯಲ್ಲಿ ಮಹಿಳೆಯರೇ ಹೆಚ್ಚು. ವಿಜ್ಞಾನದ ವಿದ್ಯಾರ್ಥಿಯಾದ ನನಗೆ ನಿಯಮ ಎಂದ ಕೂಡಲೇ ಪರೀಕ್ಷಿಸುವ ಆಸೆ. ಮಕ್ಕಳ ಉತ್ತರಗಳೊಂದಿಗೆ ಹೋಲಿಸಿದಾಗ ನಾಲ್ಕೂ ನಮ್ಮಲ್ಲಿ ಕಂಡವು. ಮದುವೆಯ ವಲಸೆ ಸುತ್ತಲಿನ ತಾಲ್ಲೂಕುಗಳೊಳಗೇ ಇದೆ. ಮೊದಲು ಕಲಬುರಗಿ ಅಥವಾ ಸೋಲಾಪುರ, ಆಮೇಲೆ ಪುಣೆ, ಮುಂಬೈ ಎಂಬ ಮೆಟ್ಟಿಲುಗಳಿವೆ. ಜಾತ್ರೆ, ಯುಗಾದಿ, ಮದುವೆ ಎಂದರೆ ಎದುರು ಪ್ರವಾಹ ಶುರುವಾಗುತ್ತದೆ.

1966ರಲ್ಲಿ ಎವರೆಟ್ ಲೀ ಇದಕ್ಕೆ ಇನ್ನೊಂದು ವಿವರಣೆ ಸೇರಿಸಿದ. ಹೊರಡುವ ಊರಿನ ಕಾರಣ, ಸೇರುವ ಊರಿನ ಕಾರಣ ಇವೆರಡೇ ಸಾಲವು. ನಡುವಿನ ಅಡೆತಡೆಗಳು ಮತ್ತು ವ್ಯಕ್ತಿಯ ಸ್ವಂತ ಪರಿಸ್ಥಿತಿಯೂ ಲೆಕ್ಕಕ್ಕೆ ಬರಬೇಕು. "ಬಡವರು ಹೆಚ್ಚು ಇರೋ ಊರಿಂದ ಯಾಕ್ರಿ ಫಾರಿನ್‌ಗೆ ಕಡಿಮಿ ಮಂದಿ ಹೋಗ್ತಾರ?" ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಪುಣೆಗೆ ಹೋಗಲು ಒಂದು ಟಿಕೆಟು ಮತ್ತು ಪರಿಚಯದ ಮೇಸ್ತ್ರಿ ಸಾಕು. ದುಬೈಗೆ ಪಾಸ್‌ಪೋರ್ಟ್, ವೀಸಾ, ಏಜೆಂಟನಿಗೆ ಕೊಡುವ ಹಣ, ಅಲ್ಲಿ ಮೊದಲೇ ಇರುವ ಸಂಬಂಧಿ ಇಷ್ಟೂ ಬೇಕು. ತೀರಾ ಬಡವರು ದೂರ ಹೋಗುವುದಿಲ್ಲ, ಹತ್ತಿರವೇ ಹೋಗಿ ಮತ್ತೆ ಮತ್ತೆ ಹೋಗುತ್ತಾರೆ. ಗಡಿ ದಾಟುವ ವಲಸೆ ಕೋಟಿಗಳಲ್ಲಿದ್ದರೂ 3.7 ಶೇಕಡಾದಲ್ಲೇ ನಿಂತಿರುವುದಕ್ಕೆ ಈ ಅಡೆತಡೆಗಳೂ ಒಂದು ಮುಖ್ಯ ಕಾರಣ.

ತರಗತಿಯಲ್ಲಿ ತಪ್ಪಿದ್ದು, ತಿದ್ದಿಕೊಂಡದ್ದು

ಎರಡನೆಯ ಪೀರಿಯಡ್‌ನಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯಲೇಬೇಕು. ದತ್ತಾಂಶ ಸಂಗ್ರಹ ಎಂಬ ಉತ್ಸಾಹದಲ್ಲಿ, "ಯಾರ ಮನೆಯವರು ಗುಳೆ ಹೋಗ್ಯಾರ, ಕೈ ಎತ್ತಿ" ಎಂದೆ. ನಾಲ್ಕೇ ಕೈಗಳು ಎದ್ದವು. ಅವುಗಳಲ್ಲಿ ಒಂದು ಅರ್ಧಕ್ಕೆ ಎದ್ದು ಕೆಳಗಿಳಿಯಿತು. ತಂದೆ ಪುಣೆಯಲ್ಲಿದ್ದಾರೆಂದು ನನಗೆ ಗೊತ್ತಿದ್ದ ಒಬ್ಬ ಹುಡುಗ ನೆಲ ನೋಡುತ್ತ ಕುಳಿತಿದ್ದ. ನಾನು ಅವನನ್ನು ಹೆಸರು ಹಿಡಿದು ಕೇಳಿದೆ. "ಇಲ್ರಿ ಸರ, ಊರಾಗೇ ಅದಾನ್ರಿ" ಎಂದ. ಪಕ್ಕದವನು ನಕ್ಕ. ಮರುದಿನ ಆ ಹುಡುಗ ಶಾಲೆಗೆ ಬರಲಿಲ್ಲ.

ಪಾಠದ ನಂತರ ಮಾರ್ಗದರ್ಶಕ ಶಿಕ್ಷಕಿ ಹೇಳಿದರು: "ಕೈ ಎತ್ತಂತ ಕೇಳಬಾರದಿತ್ರಿ ಸರ. ಗುಳೆ ಅಂದ್ರ ಮನ್ಯಾಗ ಏನೂ ಇಲ್ಲ ಅಂತ ನಾಲ್ಕು ಮಂದಿ ಮುಂದ ಹೇಳಿದಂಗ." ನನ್ನ ಪಾಠಯೋಜನೆಯಲ್ಲಿ ಉದ್ದೇಶ, ಕಲಿಕಾಂಶ, ಉಪಕರಣ, ಮೌಲ್ಯಮಾಪನ ಎಲ್ಲ ಇದ್ದವು. ಪ್ರಶ್ನೆ ಯಾರಿಗೆ ನೋವು ಮಾಡಬಹುದು ಎಂಬ ಕಾಲಂ ಇರಲಿಲ್ಲ. ಆ ಸಂಜೆ ಅದೇ ದಾರಿಯಲ್ಲಿದ್ದ ಅವನ ಮನೆಗೆ ಹೋದೆ. ಆಯಿ ಚಹಾ ಕೊಟ್ಟರು. ಹುಡುಗನಿಗೆ, "ತಪ್ಪು ನಂದಪಾ, ನಾಳೆ ಬಾ" ಎಂದಷ್ಟೇ ಹೇಳಿದೆ. ಮರುದಿನ ಬಂದ.

ಮೂರನೆಯ ಪೀರಿಯಡ್‌ಗೆ ವಿಧಾನ ಬದಲಿಸಿದೆ. ಹೆಸರಿಲ್ಲದ ಚೀಟಿಗಳನ್ನು ಕೊಟ್ಟು ಎರಡು ಪ್ರಶ್ನೆ ಕೇಳಿದೆ. ನಿಮ್ಮ ಮನೆಯಲ್ಲಿ ಎಷ್ಟು ಜನ? ಅವರಲ್ಲಿ ಬೇರೆ ಊರಿನಿಂದ ಬಂದು ಇಲ್ಲಿ ನೆಲೆಸಿದವರು, ಅಥವಾ ಒಂದು ತಿಂಗಳಿಗಿಂತ ಹೆಚ್ಚು ಬೇರೆ ಊರಿನಲ್ಲಿ ಇದ್ದವರು ಎಷ್ಟು, ಕಾರಣವೇನು? ಗುಳೆ ಎಂಬ ಪದವನ್ನು ಬಳಸಲಿಲ್ಲ. 31 ಚೀಟಿಗಳು ಡಬ್ಬಿಗೆ ಬಿದ್ದವು. ಒಟ್ಟು 186 ಜನರಲ್ಲಿ 63 ಜನ ಊರು ಬದಲಿಸಿದವರು. ಮದುವೆ 29, ದುಡಿಮೆ 27, ಓದು 5, ಇತರೆ 2. ಹಿಂದಿನ ದಿನ ಕೈ ಎತ್ತಿದವರು ನಾಲ್ವರು. ಚೀಟಿಯಲ್ಲಿ ದುಡಿಮೆಗೆಂದು ಹೋದವರೇ 27. ಇದು ಒಂದು ತರಗತಿಯ ಲೆಕ್ಕ ಮಾತ್ರ, ತಾಲ್ಲೂಕಿನ ಲೆಕ್ಕವಲ್ಲ ಎಂಬುದನ್ನು ಮಕ್ಕಳಿಗೂ ಹೇಳಿದೆ.

63ನ್ನು 186ರಿಂದ ಭಾಗಿಸಿ ಸುಮಾರು 34 ಶೇಕಡಾ ಎಂದು ಕಂಡುಕೊಂಡಾಗ ಒಬ್ಬ ಹುಡುಗ ಹುರುಪಿನಿಂದ, "ಜಗತ್ತಿಂದು ಬರೇ 3.7, ನಮ್ದು 34!" ಎಂದ. ತಪ್ಪು ಹೋಲಿಕೆ, ಆದರೆ ಬೇಕಾಗಿದ್ದ ತಪ್ಪು. ಒಂದರಲ್ಲಿ ದೇಶ ಬದಲಿಸಿದವರು, ಇನ್ನೊಂದರಲ್ಲಿ ಊರು ಬದಲಿಸಿದವರು. ಎರಡೂ ಒಂದೇ ತಕ್ಕಡಿಯಲ್ಲಿ ಬರುವುದಿಲ್ಲ ಎಂದು ಇನ್ನೊಬ್ಬ ವಿದ್ಯಾರ್ಥಿನಿಯೇ ತಿದ್ದಿದಳು. ನಮ್ಮ 34ನ್ನು ಹೋಲಿಸಬೇಕಾದದ್ದು ಭಾರತದ 37ರ ಜೊತೆ, ಅದೂ ಪೂರ್ತಿ ಹೊಂದುವುದಿಲ್ಲ, ಯಾಕೆಂದರೆ ನಮ್ಮ ಚೀಟಿಯಲ್ಲಿ ತಿಂಗಳ ಲೆಕ್ಕವಿದೆ. ವೃತ್ತನಕ್ಷೆ ಬರೆಯುವ ಅಭ್ಯಾಸಕ್ಕೆ ಇದೇ ದತ್ತಾಂಶ ಬಳಸಿದೆವು.

ನಂತರ ಎರಡು ನಕ್ಷೆಗಳನ್ನು ಪಕ್ಕಪಕ್ಕ ಹಾಕಿದೆ. ಒಂದರಲ್ಲಿ ಕಲಬುರಗಿಯಿಂದ ಪುಣೆಗೆ ಬಾಣ, ಇನ್ನೊಂದರಲ್ಲಿ ಭಾರತದಿಂದ ಅಮೆರಿಕಕ್ಕೆ ಬಾಣ. ಎರಡರ ಕೆಳಗೂ ಹೋಗುವ ಕಾರಣಗಳನ್ನು ಬರೆಸಿದೆ. ಹೆಚ್ಚು ಕೂಲಿ, ಊರಿನಲ್ಲಿ ಕೆಲಸವಿಲ್ಲ, ಪರಿಚಯದವರಿದ್ದಾರೆ, ಮನೆಗೆ ಹಣ ಕಳಿಸಬೇಕು. ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಆದವು. ಆಗ ನೆಲ ನೋಡುತ್ತ ಕುಳಿತಿದ್ದ ಅದೇ ಹುಡುಗ ಕೇಳಿದ: "ಹಂಗಾದ್ರ ಅವರಿಗ್ಯಾಕ್ರಿ ಎನ್ನಾರೈ ಅಂತಾರ, ನಮಗ್ಯಾಕ್ರಿ ಗುಳೆದವರು ಅಂತಾರ?" ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ಕಾರಣಗಳು ಒಂದೇ ಆದರೂ ಕೈಯಲ್ಲಿರುವ ಆಯ್ಕೆ ಒಂದೇ ಅಲ್ಲ, ಮುಂಗಡದ ಹಗ್ಗ ಒಬ್ಬರಿಗಿದೆ, ಇನ್ನೊಬ್ಬರಿಗಿಲ್ಲ ಎಂದು ಹೇಳಿದೆ. ಮರ್ಯಾದೆಯ ವಿಷಯದಲ್ಲಿ ವ್ಯತ್ಯಾಸ ಇರಬಾರದು ಎಂದೂ ಹೇಳಿದೆ. ಅವನು, "ನಮ್ಮಪ್ಪ ಪುಣ್ಯಾದಾಗ ಹನ್ನೆರಡು ಅಂತಸ್ತಿನ ಬಿಲ್ಡಿಂಗ್ ಕಟ್ಟ್ಯಾನ್ರಿ" ಎಂದ. ಈ ಬಾರಿ ಯಾರೂ ನಗಲಿಲ್ಲ.

ಶಿಕ್ಷಕರಿಗೆ ಗೊತ್ತಿರಬೇಕಾದದ್ದು

ಪಾಠ ಮುಗಿದರೂ ಹೋಗುವ ಮಕ್ಕಳು ಹೋಗುತ್ತಾರೆ. ಆಗ ನಮ್ಮ ಕೈಯಲ್ಲಿ ಏನಿದೆ? 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 4ನೆಯ ಸೆಕ್ಷನ್ ಪ್ರಕಾರ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. 5ನೆಯ ಸೆಕ್ಷನ್ ಪ್ರಕಾರ ಒಂದು ಶಾಲೆಯಿಂದ ಇನ್ನೊಂದಕ್ಕೆ, ರಾಜ್ಯದ ಹೊರಗೂ, ವರ್ಗಾವಣೆ ಪಡೆಯುವುದು ಮಗುವಿನ ಹಕ್ಕು. ವರ್ಗಾವಣೆ ಪತ್ರ ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಪತ್ರ ಕೊಡಲು ತಡ ಮಾಡಿದ ಮುಖ್ಯಗುರುಗಳು ಶಿಸ್ತುಕ್ರಮಕ್ಕೆ ಒಳಗಾಗುತ್ತಾರೆ. ಈ ಕಾಯ್ದೆ 6ರಿಂದ 14 ವರ್ಷದವರಿಗೆ, ಎಂಟನೆಯ ತರಗತಿಯವರೆಗೆ. ಅಂದರೆ ನನ್ನ ತರಗತಿಯ ಮಕ್ಕಳು ಅದರ ಕೊನೆಯ ಮೆಟ್ಟಿಲಿನಲ್ಲಿದ್ದರು. ಅವರಲ್ಲಿ ಯಾರಾದರೂ ಈಗ ಕಳಚಿಕೊಂಡರೆ ಒಂಬತ್ತಕ್ಕೆ ಮರಳಿ ತರುವುದು ಇನ್ನೂ ಕಷ್ಟ.

ಸರ್ವ ಶಿಕ್ಷಾ ಅಭಿಯಾನದ ಕಾಲದಿಂದ ರಾಜ್ಯದಲ್ಲಿ ಋತುಮಾನ ವಸತಿ ಶಾಲೆಗಳು ಮತ್ತು ಕೆಲಸದ ಸ್ಥಳದ ಟೆಂಟ್ ಶಾಲೆಗಳು ನಡೆದಿವೆ. ತಂದೆ-ತಾಯಿ ಹೋದರೂ ಮಗು ಊರಿನಲ್ಲೇ ಉಳಿಯಲಿ ಎಂಬುದು ಮೊದಲನೆಯದರ ಉದ್ದೇಶ. ಮಗು ಹೋದಲ್ಲಿಗೆ ಶಾಲೆಯೂ ಹೋಗಲಿ ಎಂಬುದು ಎರಡನೆಯದರದ್ದು. 2005ರ ಉದ್ಯೋಗ ಖಾತರಿ ಕಾಯ್ದೆ ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸದ ಭರವಸೆ ಕೊಟ್ಟಾಗ ಮೊದಲ ಹಂತದ ಜಿಲ್ಲೆಗಳಲ್ಲಿ ಕಲಬುರಗಿಯೂ ಇತ್ತು. ಕೆಲಸದ ಅರ್ಜಿ ಯಾವ ತಿಂಗಳಲ್ಲಿ ಹಾಕಬೇಕು ಎಂಬುದನ್ನು ನಮ್ಮ ಮಕ್ಕಳ ಕೆಲಸದ ಪಟ್ಟಿಯೇ ಹೇಳುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಮಹಾರಾಷ್ಟ್ರದಿಂದ ಮರಳಿದವರನ್ನು ಶಾಲೆ, ಹಾಸ್ಟೆಲ್‌ಗಳಲ್ಲೇ ಕ್ವಾರಂಟೈನ್ ಮಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಅಷ್ಟು ಜನ ಹೊರಗಿದ್ದರೆಂದು ಊರಿಗೇ ತಿಳಿದದ್ದು ಅವರು ಮರಳಿದಾಗ.

ನನ್ನ ಅನುಭವದಿಂದ ಪ್ರಶಿಕ್ಷಣಾರ್ಥಿಗಳಿಗೆ ನಾಲ್ಕು ಸಣ್ಣ ಸಲಹೆಗಳು.

1. ಎಳ್ಳಮಾವಾಸ್ಯೆಗೆ ಮೊದಲೇ ಯಾರು, ಎಲ್ಲಿಗೆ, ಎಷ್ಟು ದಿನ ಹೋಗಬಹುದು ಎಂಬ ಪಟ್ಟಿಯನ್ನು ಮನೆ ಭೇಟಿಯಲ್ಲಿ, ಖಾಸಗಿಯಾಗಿ ಮಾಡಿಕೊಳ್ಳಿ. ತರಗತಿಯಲ್ಲಿ ಕೈ ಎತ್ತಿಸಬೇಡಿ.
2. ಹೋಗುವ ಮಗುವಿನ ಕೈಗೆ ಶಾಲೆಯ ಹೆಸರು, ತರಗತಿ, ಎಸ್‌ಎಟಿಎಸ್ ಸಂಖ್ಯೆ, ಮುಗಿದಿರುವ ಪಾಠಗಳನ್ನು ಬರೆದ ಒಂದು ಹಾಳೆ ಕೊಡಿ. ಹೊಸ ಶಾಲೆಯ ಬಾಗಿಲಲ್ಲಿ ಅದು ಕೆಲಸಕ್ಕೆ ಬರುತ್ತದೆ.
3. ಗಣಿತದ ಪುಸ್ತಕವನ್ನು ಮರಳಿ ಪಡೆಯಬೇಡಿ, ಮಗುವಿನ ಜೊತೆಯೇ ಹೋಗಲಿ. ಪುಣೆಯಲ್ಲಿ ಮರಾಠಿ ಮಾಧ್ಯಮವಿದ್ದರೂ ಸಂಖ್ಯೆಯ ಭಾಷೆ ಒಂದೇ.
4. ಮರಳಿದ ಮಗುವಿಗೆ "ಎಲ್ಲಿ ಹೋಗಿದ್ದಿ" ಎಂದು ಗದರುವ ಬದಲು ಒಂದು ಸಣ್ಣ ನೈದಾನಿಕ ಪರೀಕ್ಷೆ ಕೊಟ್ಟು, ಎಲ್ಲಿಂದ ಶುರು ಮಾಡಬೇಕೆಂದು ನೋಡಿ. ಆ ಮಗು ಅಲ್ಲಿ ಕಲಿತದ್ದೂ ಇರುತ್ತದೆ. ಮರಾಠಿ, ಹಿಂದಿ, ಇಟ್ಟಿಗೆಯ ಲೆಕ್ಕ, ಕೂಲಿಯ ಲೆಕ್ಕ.

ಉಪಸಂಹಾರ

ಜಾಗತಿಕ ವಲಸೆಯ ಪಾಠವನ್ನು ವಿಶ್ವಸಂಸ್ಥೆಯ ಕೋಷ್ಟಕದಿಂದ ಶುರು ಮಾಡಬಹುದು, ಹಾಜರಿ ಪುಸ್ತಕದಿಂದಲೂ ಶುರು ಮಾಡಬಹುದು. ಎರಡನೆಯ ದಾರಿಯಲ್ಲಿ ಮಕ್ಕಳು ಶೇಕಡಾ, ಶೇಕಡಾ ಅಂಶ, ವ್ಯಾಖ್ಯೆ, ಹೋಲಿಕೆ ಇವನ್ನೆಲ್ಲ ಕಲಿತರು. ಘಟಕ ಪರೀಕ್ಷೆಯಲ್ಲಿ ಶೇಕಡಾವಾರು ಹೆಚ್ಚಳದ ಲೆಕ್ಕವನ್ನು ಬಹುಪಾಲು ಮಕ್ಕಳು ಸರಿ ಮಾಡಿದ್ದರು. ಆದರೆ ಹಾಜರಿಯ ಲೆಕ್ಕವನ್ನು ನನ್ನ ಪಾಠ ಬದಲಿಸಲಿಲ್ಲ.

ನನ್ನ ಬೋಧನಾಭ್ಯಾಸದ ಕೊನೆಯ ವಾರದಲ್ಲಿ ಎಳ್ಳಮಾವಾಸ್ಯೆ ಬಂದು ಹೋಯಿತು. ಮುಂದಿನ ಸಾಲಿನ ಆ ಹುಡುಗಿ ತನ್ನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಂಪಾಸ್ ಡಬ್ಬಿಯಲ್ಲಿಟ್ಟುಕೊಂಡು, "ಯುಗಾದಿಗೆ ಬರ್ತೀವ್ರಿ ಸರ, ಹೆಸರು ತಗೀಬ್ಯಾಡ್ರಿ" ಎಂದಳು. ಹೆಸರು ತೆಗೆಯುವುದು ಬಿಡುವುದು ನನ್ನ ಅಧಿಕಾರದಲ್ಲಿ ಇರಲಿಲ್ಲ. ಮಾರ್ಗದರ್ಶಕ ಶಿಕ್ಷಕಿಯವರ ಹತ್ತಿರ ಕರೆದುಕೊಂಡು ಹೋದೆ. ಅವರು ಹಾಜರಿ ಪುಸ್ತಕ ತೆರೆದು, ಅವಳ ಹೆಸರಿನ ಮುಂದೆ ಪೆನ್ಸಿಲಿನಲ್ಲಿ "ಪುಣೆ, ಯುಗಾದಿಗೆ" ಎಂದು ಬರೆದರು.